ಟೋಲಿಗೆ ಇಲ್ಲದ ಚರ್ಚೆ ಬಸಳೆಗೆ ಯಾಕೆ?

ಒಳಗೇ ಮಲಗ್ಲಿಕ್ಕೆ, ಅಡುಗೆ ಮಾಡ್ಲಿಕ್ಕೆ ಎಲ್ಲ ಉಂಟಾದ ದೊಡ್ಡ ಗಾಡಿಗಳು ಈಗ ನಮ್ಮ ಹೆದ್ದಾರಿ 66ರಲ್ಲೂ ಕಾಣ್ಲಿಕ್ಕೆ ಸಿಗ್ತವೆ. ಬರ್ಲಿ, ಬೇಡ ಹೇಳುದಿಲ್ಲ. ಆದ್ರೆ ಇದೆಂತ ಕ್ರಮ ಮಾರಾಯ್ತಿ? ಹೆಜಮಾಡಿ ಟೋಲಿನಲ್ಲಿ ಫಾಸ್ಟ್ಯಾಗಿನಿಂದ ಹಣ ಹೋದ್ರೆ ಮಾತಿಲ್ಲ. ಸಂತೆಯಲ್ಲಿ ಇಳಿದ ಕೂಡ್ಲೆ ಬಸಳೆ ಕಟ್ಟಿಗೆ ಐದು ರೂಪಾಯಿ ಕಮ್ಮಿ ಮಾಡಿ ಅಂತ ಚರ್ಚೆ!

ಮಟ್ಟುಗುಳ್ಳಕ್ಕೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಭತ್ತ ಕೊಯ್ದ ಗದ್ದೆಯಲ್ಲಿ ನೆಟ್ಟು, ಕೈಗೆ ಮುಳ್ಳು ಚುಚ್ಚಿಸಿಕೊಂಡು ಕೊಯ್ಯುವ ಗುಳ್ಳ ಅದು. ಶಂಕರಪುರ ಮಲ್ಲಿಗೆಯ ಒಂದು ಚೆಂಡು ಅಂದ್ರೆ 800 ಹೂ. ಬೆಳಿಗ್ಗೆ ಬೇಗ ಎದ್ದು ಒಂದೊಂದೇ ಮೊಗ್ಗು ಕೊಯ್ದು ಮನೆ ಹೆಂಗಸರು ಕಟ್ಟಿದ್ದು. ಇವರಿಗೆ ಅದರ ಫೋಟೋ ಸಾಕು.

ಸಂತೆ ಅಂದ್ಮೇಲೆ ಚರ್ಚೆ ಇರುದೇ ಅಂತೀರಾ? ದಲ್ಲಾಳಿ ಹತ್ರ ಮಾಡಿ. ಹಿತ್ತಿಲಲ್ಲಿ ಬೆಳೆದದ್ದನ್ನು ತಲೆ ಮೇಲೆ ಹೊತ್ತು ಬಂದವಳ ಹತ್ರ ಬೇಡ. ನೀವು ಉಳಿಸಿದ ಹತ್ತು ರೂಪಾಯಿ ಅವಳ ಬಸ್ಸಿನ ಹಣ.

ಊರಿನವರಾದ ನಾವೂ ಕಮ್ಮಿ ಇಲ್ಲ. ಮಾಲ್‌ನಲ್ಲಿ ಬಿಲ್ ನೋಡದೆ ಕೊಡ್ತೇವೆ, ಇಲ್ಲಿ ಕೊಸರು ಕೇಳ್ತೇವೆ. ಮುಂದಿನ ಸಲ ನೆಂಟರ ಗಾಡಿಯಿಂದ ಚೀಲ ಹಿಡ್ಕೊಂಡು ನೀವೇ ಮೊದ್ಲು ಇಳೀರಿ. ಹೇಳಿದ ಕ್ರಯ ಕೊಡಿ. ನೋಡಿ ಅವರೂ ಕಲಿತಾರೆ.