ನಗುವಿನಿಂದ ಕ್ಯಾನ್ಸರ್ ವಾಸಿಯಾಗುತ್ತದೆಯೇ?

‘ನಗುತ್ತಾ ಇರಿ, ಕ್ಯಾನ್ಸರ್ ತಾನಾಗಿಯೇ ಓಡಿಹೋಗುತ್ತದೆ’ ಎಂಬ ಮಾತನ್ನು ನಾವೆಲ್ಲ ಕೇಳಿರುತ್ತೇವೆ. ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಈ ನಂಬಿಕೆಗೆ ಬಲ ಕೊಟ್ಟವರಲ್ಲಿ ಅಮೆರಿಕದ ಪತ್ರಕರ್ತ ನಾರ್ಮನ್ ಕಸಿನ್ಸ್ ಒಬ್ಬರು. ಹತ್ತು ನಿಮಿಷ ಮನಸಾರೆ ನಕ್ಕರೆ ಎರಡು ಗಂಟೆ ನೋವಿಲ್ಲದೆ ನಿದ್ದೆ ಬರುತ್ತಿತ್ತು ಎಂದು ಅವರು 1979ರ ತಮ್ಮ ಪುಸ್ತಕದಲ್ಲಿ ಬರೆದರು. ಆದರೆ ಅವರಿಗಿದ್ದದ್ದು ಬೆನ್ನುಮೂಳೆಯ ಕಾಯಿಲೆ, ಕ್ಯಾನ್ಸರ್ ಅಲ್ಲ.

ಕ್ಯಾನ್ಸರ್ ರೋಗಿಗಳ ಮೇಲೆಯೇ ನಡೆದ ಅಧ್ಯಯನಗಳೂ ಇವೆ. 1989ರಲ್ಲಿ ಡೇವಿಡ್ ಸ್ಪೀಗೆಲ್ ಮತ್ತು ಸಂಗಡಿಗರು, ದೇಹದ ಬೇರೆಡೆಗೂ ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಮಹಿಳೆಯರ ಬಗ್ಗೆ ವರದಿ ಪ್ರಕಟಿಸಿದರು. ವಾರಕ್ಕೊಮ್ಮೆ ಒಟ್ಟಿಗೆ ಕುಳಿತು ಕಷ್ಟಸುಖ ಹಂಚಿಕೊಂಡವರು ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಕಾಲ ಬದುಕಿದ್ದರು. ಈ ಸುದ್ದಿ ಎಲ್ಲೆಡೆ ಹರಡಿತು. ಆದರೆ 2001ರಲ್ಲಿ ಪ್ರಕಟವಾದ, 235 ಮಹಿಳೆಯರಿದ್ದ ಇನ್ನೊಂದು ಅಧ್ಯಯನದಲ್ಲಿ ಆಯಸ್ಸು ಹೆಚ್ಚಿದ್ದು ಕಾಣಲಿಲ್ಲ. ಕಂಡದ್ದು ಬೇರೆ: ತುಂಬಾ ನೋವು, ಸಂಕಟದಲ್ಲಿದ್ದವರಿಗೆ ಅವು ಕಡಿಮೆಯಾಗಿದ್ದವು.

ಅಂದರೆ ನಗುವಾಗಲಿ, ಮಾತಾಗಲಿ ಗಡ್ಡೆಯನ್ನು ಕರಗಿಸುವುದಿಲ್ಲ. ಹಾಗಾದರೆ ಗೆಳೆಯರಿಂದ ಏನು ಲಾಭ?

ಜೊತೆಗೂಡಿ ನಕ್ಕಾಗ ಮಿದುಳಿನಲ್ಲಿ ಎಂಡಾರ್ಫಿನ್‌ನಂತಹ ನೋವು ತಗ್ಗಿಸುವ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಅದಕ್ಕಿಂತ ದೊಡ್ಡ ಲಾಭ ನಿತ್ಯದ ನೆರವಿನದು. 2006ರಲ್ಲಿ ಪ್ರಕಟವಾದ ಅಮೆರಿಕದ ದಾದಿಯರ ಅಧ್ಯಯನದಲ್ಲಿ, ಆಪ್ತರಿಲ್ಲದೆ ಒಂಟಿಯಾಗಿದ್ದವರು ಸ್ತನ ಕ್ಯಾನ್ಸರ್‌ನಿಂದ ಸಾಯುವ ಅಪಾಯ ಸುಮಾರು ಎರಡು ಪಟ್ಟು ಇತ್ತು. ನೋಡಿಕೊಳ್ಳುವವರು ಇಲ್ಲದಿರುವುದು ಇದಕ್ಕೆ ಕಾರಣವಿರಬಹುದು ಎಂದು ಸಂಶೋಧಕರು ಹೇಳಿದರು. ಕಿಮೋಥೆರಪಿಗೆ ಜೊತೆಗೆ ಹೋಗುವುದು, ಔಷಧಿ ಅಂಗಡಿಗೆ ಓಡುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ಜ್ವರ ಬಂದ ಕೂಡಲೇ ಆಸ್ಪತ್ರೆಗೆ ಕರೆದೊಯ್ಯುವುದು ಇವೆಲ್ಲ ಚಿಕಿತ್ಸೆ ನಡುವೆ ನಿಲ್ಲದಂತೆ ಕಾಯುತ್ತವೆ.

‘ನಗಲೇಬೇಕು’ ಎಂಬ ಒತ್ತಾಯ ಮಾತ್ರ ಒಳ್ಳೆಯದಲ್ಲ. ಅದರಿಂದ ರೋಗಿ ನೋವನ್ನು ವೈದ್ಯರಿಂದಲೂ ಮುಚ್ಚಿಡಬಹುದು; ಕಾಯಿಲೆ ಮರುಕಳಿಸಿದರೆ ‘ನಾನು ಧೈರ್ಯವಾಗಿರಲಿಲ್ಲ, ಅದಕ್ಕೇ ಹೀಗಾಯಿತು’ ಎಂದು ತನ್ನನ್ನೇ ದೂರಿಕೊಳ್ಳಬಹುದು. ಅದು ಅವರ ತಪ್ಪಲ್ಲ.

ಕ್ಯಾನ್ಸರ್ ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಆದ್ದರಿಂದ ದೂರ ಉಳಿಯಬೇಡಿ. ನಿಮಗೆ ನೆಗಡಿ, ಜ್ವರ ಇದ್ದರೆ ಮಾತ್ರ ಫೋನಿನಲ್ಲೇ ಮಾತಾಡಿ. ತಮಾಷೆಯನ್ನು ಅವರೇ ಶುರುಮಾಡಿದರೆ ಜೊತೆಗೆ ನಗಿ. ಅಳು ಬಂದರೆ ಅಳಲು ಬಿಡಿ, ಎದ್ದು ಹೋಗಬೇಡಿ.