ಮೆರವಣಿಗೆ ಮುಗಿದ ಮೇಲೆ ಮನೆಗೆ ಹೋಗಿಬಿಡಬಹುದೇ?

ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿನ ಮೆರವಣಿಗೆಗೆ ಒಮ್ಮೆ ಹೋಗಿಬಂದ ಮುಂಬಯಿ ಕನ್ನಡಿಗರು ಆಮೇಲೂ ಆ ಕೆಲಸದಲ್ಲಿ ತೊಡಗಿರಬೇಕೇ? ವಡಾಲದ ಇಬ್ಬರು ಓದುಗರಿಗೆ ಪ್ರಶ್ನೆ ಕೊಟ್ಟೆವು. ಉತ್ತರ ಬರೆಯಲು ಸಿಕ್ಕಿದ್ದು ಒಂದೇ ರಾತ್ರಿ.

ಪರ: ಕೆಲಸ ಇರುವುದು ಸೋಮವಾರ
(ನಿವೃತ್ತ ಶಿಕ್ಷಕಿ)

ಮುಂಬಯಿಯಲ್ಲಿ ಮೆರವಣಿಗೆಗೆ ಹೋಗುವುದೇನೂ ಕಷ್ಟವಲ್ಲ. ಲೋಕಲ್ ಹತ್ತಿದರಾಯಿತು, ಮೈದಾನದಲ್ಲಿ ಬಣ್ಣ, ಡೋಲು, ಹಾಡು, ಸಂಜೆ ಚೌಪಾಟಿಯಲ್ಲಿ ಭೇಲ್. 2008ರಿಂದ ಈ ಊರಲ್ಲಿ ಪ್ರೈಡ್ ಎಂಬ ಈ ಮೆರವಣಿಗೆ ನಡೆಯುತ್ತಿದೆ. ನನ್ನ ಹಳೆಯ ವಿದ್ಯಾರ್ಥಿಗಳೂ ಹೋಗುತ್ತಾರೆ, ಫೋಟೋ ಕಳಿಸುತ್ತಾರೆ, ನೋಡಿ ಖುಷಿಪಡುತ್ತೇನೆ. ಬರುವ ವಾರ ಒಬ್ಬರ ಅರ್ಜಿ ತುಂಬಿಸಬೇಕು ಬರ್ತೀಯೇನೋ ಎಂದು ಕೇಳಿದರೆ ಮಾತ್ರ, "ಟೀಚರ್, ಇಯರ್ ಎಂಡಿಂಗ್." ಮೆರವಣಿಗೆಯಿಂದ ಏನೂ ಆಗುವುದಿಲ್ಲ ಎಂದು ಮೂಗು ಮುರಿಯುವವರನ್ನು ಕಂಡರೆ ನನಗಾಗದು. ಆದರೆ ಇಂಥ ಉತ್ತರ ಕೇಳಿದಾಗ ಅವರ ಮಾತಿನಲ್ಲೂ ಅರ್ಧ ನಿಜವಿದೆ ಅನ್ನಿಸುತ್ತದೆ.

2014ರ ಏಪ್ರಿಲ್ 15ರ ನಾಲ್ಸಾ ತೀರ್ಪು ಗೊತ್ತಿಲ್ಲದವರಿಲ್ಲ. ತಾನು ಯಾರೆಂದು ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ ಎಂದಿತು ಸುಪ್ರೀಂ ಕೋರ್ಟು. ಎರಡೇ ವರ್ಷಕ್ಕೆ, 2016ರಲ್ಲಿ, ಸರ್ಕಾರ ತಂದ ಮಸೂದೆಯಲ್ಲಿ ಏನಿತ್ತು? ಜಿಲ್ಲೆಗೊಂದು ಸಮಿತಿಯಂತೆ, ಅದರಲ್ಲಿ ವೈದ್ಯರು ಕೂತು ಈಕೆ ಹೌದೋ ಅಲ್ಲವೋ ಎಂದು ನೋಡುವುದಂತೆ! ಭಿಕ್ಷೆಗೆ ಹಚ್ಚಿದವರಿಗೆ ಶಿಕ್ಷೆ ಎಂಬ ಇನ್ನೊಂದು ಕಲಮು. ಕೇಳಲು ಒಳ್ಳೆಯದೇ. ಆದರೆ ಗುರುವೊಬ್ಬಳ ಆಸರೆಯಲ್ಲಿ ಚೇಲಾಗಳು ಬೇಡಿ ಬದುಕುವ ಹಿಜ್ರಾ ಮನೆಗಳಿಗೆ ಅದು ಪೊಲೀಸರ ಕೈಗೆ ಕೊಟ್ಟ ಲಾಠಿ. 2018ರ ಡಿಸೆಂಬರಿನಲ್ಲಿ ಲೋಕಸಭೆ ಈ ಎರಡನ್ನೂ ಇಟ್ಟುಕೊಂಡೇ ಮಸೂದೆ ಪಾಸು ಮಾಡಿತು. ಲೋಕಸಭೆಯ ಅವಧಿ ಮುಗಿದದ್ದರಿಂದ ಅದು ಬಿದ್ದುಹೋಯಿತು. 2019ರಲ್ಲಿ ಮತ್ತೆ ಬಂದಾಗ ಸಮಿತಿಯೂ ಇಲ್ಲ, ಭಿಕ್ಷೆಯ ಕಲಮೂ ಇಲ್ಲ. ಆ ಮೂರು ವರ್ಷ ಸಂಸದೀಯ ಸ್ಥಾಯಿ ಸಮಿತಿಗೆ ಅಹವಾಲು ಕೊಟ್ಟವರು, ಕಲಮು ಕಲಮಿಗೂ ತಕರಾರು ಬರೆದವರು, ಸಂಸದರ ಬಾಗಿಲು ಕಾದವರು ಇದ್ದರಲ್ಲ, ಅವರು ಮನೆಗೆ ಹೋಗಿ ಮಲಗಿದ್ದರೆ?

ಇಷ್ಟಾಗಿಯೂ ಪಾಸಾದ ಕಾಯ್ದೆ ಕುಂಟು. ಟ್ರಾನ್ಸ್‌ಜೆಂಡರ್ ವ್ಯಕ್ತಿಯ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದವನಿಗೆ 2019ರಲ್ಲಿ ಬರೆದ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಹತ್ತು ವರ್ಷಕ್ಕೆ ಕಡಿಮೆ ಇಲ್ಲ. 2024ರ ಜುಲೈಯಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಾಗ ಹಳೆಯ ದಂಡ ಸಂಹಿತೆಯ 377ನೇ ಕಲಮನ್ನು ಪೂರ್ತಿ ಕೈಬಿಟ್ಟರು. ಒಪ್ಪಿಗೆಯಿಲ್ಲದ ಕೃತ್ಯಕ್ಕೆ ಅದರಲ್ಲಿ ಉಳಿದಿದ್ದ ಶಿಕ್ಷೆಯೂ ಅದರೊಂದಿಗೇ ಹೋಯಿತು. ಇದನ್ನು ಎತ್ತಿ ಹೇಳಲು ಬಾವುಟ ಸಾಲದು. ಗೆಜೆಟ್ ಓದುವ ತಾಳ್ಮೆ ಬೇಕು.

ನನಗೆ ಎಲ್ಲಕ್ಕಿಂತ ಕಾಡುವುದು ಕಾಗದದ ಗಂಟು. 2020ರಲ್ಲಿ ಬಂದ ನಿಯಮಗಳಲ್ಲಿ ಗುರುತಿನ ಪ್ರಮಾಣಪತ್ರಕ್ಕೆ ವೈದ್ಯರ ಪರೀಕ್ಷೆ ಬೇಡ, ಅಫಿಡವಿಟ್ ಸಾಕು, ಮೂವತ್ತು ದಿನದೊಳಗೆ ಜಿಲ್ಲಾ ಮ್ಯಾಜಿಸ್ಟ್ರೇಟರು ಕೊಡಬೇಕು ಎಂದು ಬರೆದರು. ಅಷ್ಟು ಚೆನ್ನಾಗಿತ್ತು. ಆದರೆ ಅದೇ ನಿಯಮದಲ್ಲಿ, ಅರ್ಜಿದಾರರು ಆ ಜಿಲ್ಲೆಯಲ್ಲಿ ಸತತ ಹನ್ನೆರಡು ತಿಂಗಳು ವಾಸವಾಗಿರಬೇಕು ಎಂದೂ ಬರೆದರು. ಮುಂಬಯಿಯಲ್ಲಿ ಬಾಡಿಗೆಯ ಕರಾರು ಎಷ್ಟು ತಿಂಗಳದ್ದು? ಹನ್ನೊಂದು! ಕರಾರು ಮುಗಿದ ಮೇಲೆ ಮನೆ ಬಿಡಿಸುತ್ತಾರೆ. ವಡಾಲದಲ್ಲಿ ಸಿಗದಿದ್ದರೆ ಕುರ್ಲಾ, ಅಲ್ಲೂ ಸಿಗದಿದ್ದರೆ ಮಾನ್‌ಖುರ್ದ್. ವಡಾಲ ಮುಂಬಯಿ ನಗರ ಜಿಲ್ಲೆ, ಕಲೆಕ್ಟರ್ ಕಚೇರಿ ಫೋರ್ಟಿನಲ್ಲಿ; ಕುರ್ಲಾ ಉಪನಗರ ಜಿಲ್ಲೆ, ಅದರ ಕಚೇರಿ ಬಾಂದ್ರಾದಲ್ಲಿ. ಹಾರ್ಬರ್ ಲೈನಿನಲ್ಲಿ ಕೆಲವೇ ಸ್ಟೇಷನ್ ದಾಟಿದರೆ ಜಿಲ್ಲೆಯೇ ಬದಲು, ಹನ್ನೆರಡು ತಿಂಗಳ ಲೆಕ್ಕ ಮೊದಲಿನಿಂದ. ಮನೆ ಇಲ್ಲದೆ ಪತ್ರವಿಲ್ಲ. ಪತ್ರ ಇಲ್ಲದವಳ ಆಧಾರಿನಲ್ಲಿ ಹಳೆಯ ಹೆಸರೇ ಉಳಿಯುತ್ತದೆ. ಮುಖ ಒಂದು, ಹೆಸರು ಇನ್ನೊಂದು ಇರುವವಳಿಗೆ ಮನೆ ಯಾರು ಕೊಡುತ್ತಾರೆ? ಈ ಗಂಟು ಬಿಚ್ಚಲು ವಕೀಲರೇ ಆಗಬೇಕಿಲ್ಲ. ಮರಾಠಿ ಓದಲು ಬರುವ, ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಲು ಗೊತ್ತಿರುವ, ಕೌಂಟರಿನಲ್ಲಿ "ನಿಯಮ ತೋರಿಸಿ ಸಾಹೇಬ್" ಎಂದು ಮೆಲ್ಲಗೆ ಹೇಳಬಲ್ಲ ಒಬ್ಬ ಗುಮಾಸ್ತ ಸಾಕು. ಬ್ಯಾಂಕು, ಎಲ್‌ಐಸಿ, ಶಿಪ್ಪಿಂಗ್ ಕಚೇರಿಗಳಲ್ಲಿ ಸವೆದ ಮುಂಬಯಿ ಕನ್ನಡಿಗರಿಗಿಂತ ಒಳ್ಳೆಯ ಗುಮಾಸ್ತರು ಎಲ್ಲಿ ಸಿಗುತ್ತಾರೆ?

ತವರಿನ ಕಡೆ ನೋಡಿ. ಕರ್ನಾಟಕದಲ್ಲಿ ಪೊಲೀಸ್ ನೇಮಕಾತಿಯ ಪ್ರಕಟಣೆಯಲ್ಲಿ ಗಂಡು ಹೆಣ್ಣು ಎರಡೇ ಕಾಲಂ ಇದ್ದದ್ದನ್ನು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿಗೆ ದುಡಿಯುವ ಸಂಗಮ ಸಂಸ್ಥೆ ಹೈಕೋರ್ಟಿಗೆ ಒಯ್ದಿತು. ತಾರೀಖಿನ ಮೇಲೆ ತಾರೀಖು ಬಿದ್ದಿತು. 2021ರಲ್ಲಿ ಸರ್ಕಾರ 1977ರ ನೇಮಕಾತಿ ನಿಯಮವನ್ನೇ ತಿದ್ದಿ ಶೇಕಡಾ 1 ಮೀಸಲಾತಿ ಕೊಟ್ಟಿತು. ದೇಶದಲ್ಲೇ ಮೊದಲು. ಇಲ್ಲೂ 2022ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟು ಗದರಿದ ಮೇಲೆಯೇ ಪೊಲೀಸ್ ಪೇದೆಯ ಅರ್ಜಿಯಲ್ಲಿ ಮೂರನೆಯ ಆಯ್ಕೆ ಬಂದದ್ದು.

ಸಮಯವಿಲ್ಲ, ನಮಗೇನು ಸಂಬಂಧ, ಅವರ ಹೋರಾಟ ಅವರೇ ಮಾಡಲಿ ಎಂಬ ಮಾತುಗಳನ್ನೆಲ್ಲ ಕೇಳಿದ್ದೇನೆ. ಅವರೇ ಮಾಡುತ್ತಿದ್ದಾರೆ, ಸ್ವಾಮಿ. ನಾಯಕತ್ವ ವಹಿಸಿರೆಂದು ನಿಮ್ಮನ್ನು ಯಾರೂ ಕರೆದಿಲ್ಲ. ಫಾರಂ ತುಂಬಲು ಬನ್ನಿ.

ವಿರೋಧ: ಹೋಗಿ ಬಂದದ್ದು ಸಾಕು
(ಹೌಸಿಂಗ್ ಸೊಸೈಟಿಯೊಂದರ ಕಾರ್ಯದರ್ಶಿ)

ಸಂಪಾದಕರು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ವಿರೋಧದ ಕಡೆ ಯಾರೂ ಒಪ್ಪುತ್ತಿಲ್ಲ, ನೀವು ಬರೆಯಿರಿ ಎಂದರು. ಬರೆಯುತ್ತಿದ್ದೇನೆ. ಹಕ್ಕುಗಳ ಬಗ್ಗೆ ನನ್ನ ತಕರಾರಿಲ್ಲ. ಮೆರವಣಿಗೆಗೆ ನಾನೂ ಮಗಳ ಜೊತೆ ಹೋಗಿದ್ದೇನೆ. ಪ್ರಶ್ನೆ, ಆಮೇಲೂ ಅಂಟಿಕೊಂಡಿರಬೇಕೇ ಎಂಬುದು.

ಮೊದಲನೆಯದಾಗಿ, ಈ ಚಳವಳಿಗೆ ಜನರ ಕೊರತೆಯಿಲ್ಲ. ಹಮ್‌ಸಫರ್ ಟ್ರಸ್ಟ್ 1994ರಿಂದ ಈ ಊರಲ್ಲಿದೆ. ಮಾಲಾಡಿನಲ್ಲಿ ಹೋರಾಟಗಾರ್ತಿ ಗೌರಿ ಸಾವಂತ್ ಇದ್ದಾರೆ, ನಾಲ್ಸಾ ಪ್ರಕರಣದ ಅರ್ಜಿದಾರರಲ್ಲಿ ಅವರೂ ಒಬ್ಬರು. ಠಾಣೆಯ ಲಕ್ಷ್ಮೀನಾರಾಯಣ ತ್ರಿಪಾಠಿ ಹೆಸರು ಕೇಳದವರಿಲ್ಲ. ನಮ್ಮ ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಜೋಗತಿ ನೃತ್ಯ ಅವರನ್ನು ಅಲ್ಲಿಗೆ ಮುಟ್ಟಿಸಿತು. ನಮ್ಮಂಥವರ ಭಾಷಣದಿಂದ ಆದದ್ದಲ್ಲ. ಹೊರಗಿನವರು ಹೆಚ್ಚಾದಷ್ಟೂ ಮೈಕು ಹೊರಗಿನವರ ಕೈಗೇ ಹೋಗುತ್ತದೆ. ಯಾವ ಸಂಘದ ವಾರ್ಷಿಕೋತ್ಸವ ನೋಡಿದರೂ ಇದು ಗೊತ್ತಾಗುತ್ತದೆ: ನೆಂಟರೇ ಮೊದಲ ಪಂಕ್ತಿಯಲ್ಲಿ ಕೂತು, ಮದುಮಗಳು ಹಸಿದುಕೊಂಡಿರುವ ಮದುವೆ.

ಎರಡನೆಯದು ಸಮಯ. ಇದರ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ಬೆಳಿಗ್ಗೆ ವಡಾಲ ರೋಡಿನ ಪ್ಲಾಟ್‌ಫಾರಂ ನೋಡಿದವರಿಗೆ ಗೊತ್ತು.

ಮೂರನೆಯದು, ತಂದೆ ತಾಯಿ ಯೋಚಿಸಲೇಬೇಕಾದದ್ದು. 2020ರ ಫೆಬ್ರುವರಿಯಲ್ಲಿ ಆಗಸ್ಟ್ ಕ್ರಾಂತಿ ಮೈದಾನದಲ್ಲಿ ಪ್ರೈಡಿಗೆ ಅನುಮತಿ ಸಿಗದೆ ಆಜಾದ್ ಮೈದಾನದಲ್ಲಿ ಸಭೆ ನಡೆಯಿತು. ಅಲ್ಲಿ ಕೂಗಿದ ಬೇರೊಂದು ರಾಜಕೀಯ ಘೋಷಣೆಗಾಗಿ ಐವತ್ತಕ್ಕೂ ಹೆಚ್ಚು ಜನರ ಮೇಲೆ ದೇಶದ್ರೋಹದ ಕೇಸು ದಾಖಲಾಯಿತು. ಟ್ರಾನ್ಸ್‌ಜೆಂಡರ್ ಹಕ್ಕಿಗೂ ಆ ಘೋಷಣೆಗೂ ಏನು ಸಂಬಂಧ? ಆದರೆ ಒಮ್ಮೆ ಒಳಗೆ ಸೇರಿದರೆ ಯಾವ ಘೋಷಣೆಗೆ ದನಿಗೂಡಿಸಬೇಕು, ಯಾವುದಕ್ಕೆ ಕೂಡದು ಎಂದು ಆರಿಸುವ ಸ್ವಾತಂತ್ರ್ಯ ಇರುವುದಿಲ್ಲ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ಹುಡುಗಿಗೆ ಪೊಲೀಸ್ ವೆರಿಫಿಕೇಶನ್ ಇರುತ್ತದೆ. ಹೋರಾಟಗಾರರು ಇದಕ್ಕೆ ಉತ್ತರ ಕೊಡುವುದಿಲ್ಲ, ಹೇಡಿ ಅನ್ನುತ್ತಾರೆ.

ನಾಲ್ಕನೆಯದಾಗಿ, ನಮ್ಮದೇ ಕೆಲಸ ಬೆಟ್ಟದಷ್ಟಿದೆ. ಕನ್ನಡ ಮಾಧ್ಯಮಕ್ಕೆ ಮಕ್ಕಳು ಸಿಗುತ್ತಿಲ್ಲ, ಸಂಘಗಳಿಗೆ ಐವತ್ತು ದಾಟದ ಸದಸ್ಯರು ಸಿಗುತ್ತಿಲ್ಲ. ಮೊದಲು ಅದು.

ಐದನೆಯದು ಎಂದು ಬರೆದುಕೊಂಡಿದ್ದು, ಪ್ರತಿಯೊಬ್ಬರೂ ತಮ್ಮ ಜಾಗದಲ್ಲಿ ಸರಿಯಾಗಿ ನಡೆದುಕೊಂಡರೆ ಚಳವಳಿಯೇ ಬೇಕಿಲ್ಲ ಎಂಬುದು. ಉದಾಹರಣೆ ಕೊಡುತ್ತೇನೆ. ಕಳೆದ ವರ್ಷ ನಮ್ಮ ಕಟ್ಟಡದ ಎರಡನೆಯ ಮಹಡಿಗೆ ಟ್ರಾನ್ಸ್‌ಜೆಂಡರ್ ಬಾಡಿಗೆದಾರರೊಬ್ಬರು ಬಂದರು, ಒಂದು ಸಲೂನಿನಲ್ಲಿ ಕೆಲಸ. ಸಮಿತಿಯಲ್ಲಿ ಗದ್ದಲ. "ಭಾವೂ, ಉದ್ಯಾ ಲೋಕ ಕಾಯ ಮ್ಹಣತೀಲ" ಎಂದು ಪಕ್ಕದ ಫ್ಲಾಟಿನವರು, ಅಂದರೆ ನಾಳೆ ಜನ ಏನಂದಾರು. ಮನೆ ಬಾಡಿಗೆಗೆ ಕೊಡಲು ಇಲ್ಲವೆನ್ನುವುದು 2019ರ ಕಾಯ್ದೆಯಲ್ಲಿ ತಾರತಮ್ಯ ಎಂದು ನಾನೇ ಕಲಮು ಓದಿ ಹೇಳಿದೆ, ನಡಾವಳಿ ಪುಸ್ತಕದಲ್ಲಿ ಠರಾವು ಬರೆಸಿದೆ. ಹನ್ನೊಂದು ತಿಂಗಳ ಕರಾರು ಮುಗಿದಾಗ ಮಾಲೀಕರನ್ನು ಕೂರಿಸಿ ಇನ್ನೊಂದು ಮಾಡಿಸಿದೆ. ವಿಳಾಸದ ಪತ್ರಕ್ಕೆ ಸೊಸೈಟಿಯ ಲೆಟರ್‌ಹೆಡ್ಡಿನಲ್ಲಿ ಸಹಿ ಹಾಕಿಕೊಟ್ಟೆ. ಇದಕ್ಕೆ ಬಾವುಟ ಬೇಕಾಯಿತೇ? ಕಾರ್ಯದರ್ಶಿಯ ಕರ್ತವ್ಯ ಅಷ್ಟೇ. ಈಗ ಅಕ್ಕಪಕ್ಕದ ಎರಡು ಸೊಸೈಟಿಯವರು ಆ ಠರಾವಿನ ಪ್ರತಿ ಕೇಳಿದ್ದಾರೆ, ಭಾನುವಾರ ಕೊಟ್ಟು ವಿವರಿಸಿ ಬರಬೇಕು.

ಸಂಘಟನೆಗೆ ಸೇರುವುದು, ಸಭೆಗೆ ಹೋಗುವುದು, ತಿಂಗಳ ವರ್ಗಣಿ ಕೊಡುವುದು ನನ್ನಿಂದಾಗದು. ಆ ಮಟ್ಟಿಗೆ ನನ್ನ ಮತ ವಿರೋಧವೇ.