ಫಾರಂ 11 ಮತ್ತು ಅಮ್ಮನ ಐದು ವರ್ಷ

ನಮ್ಮ ಕಾಲೇಜಿನಲ್ಲಿ ಕ್ಯಾಂಪಸ್ ಸಂದರ್ಶನಗಳು ಶುರುವಾಗುವ ಹೊತ್ತು. ಹಾಸ್ಟೆಲ್‌ನಲ್ಲಿ ಮಾತೆಲ್ಲ ಪ್ಯಾಕೇಜಿನದೇ. ಹೋದ ವರ್ಷ ಕೆಲಸಕ್ಕೆ ಸೇರಿದ ಸೀನಿಯರ್ ಒಬ್ಬರು ಮೊನ್ನೆ ಬಂದಿದ್ದರು. ‘ಪಿಎಫ್ ಬೇಡ ಅಂತ ಬರೆದುಕೊಟ್ಟೆ ಕಣೋ, ತಿಂಗಳಿಗೆ ಮೂರು ಸಾವಿರದ ಮೇಲೆ ಕೈಗೆ ಜಾಸ್ತಿ ಬರ್ತಿದೆ’ ಎಂದರು. ಬೆಂಗಳೂರಿನ ಪಿಜಿ ಬಾಡಿಗೆ ಗೊತ್ತಿರುವ ಯಾರಿಗೂ ಇದು ಜಾಣತನ ಅನ್ನಿಸುತ್ತದೆ. ನನಗೂ ಅನ್ನಿಸಿತು.

ಹಾಗೆ ಬರೆದುಕೊಡಲು ಅವಕಾಶ ಇರುವುದು ನಿಜ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ ಮೀರಿದ್ದು, ಹಿಂದೆಂದೂ ಪಿಎಫ್ ಸದಸ್ಯರಾಗಿರದಿದ್ದರೆ ಫಾರಂ 11ರಲ್ಲಿ ಹೇಳಿ ಹೊರಗುಳಿಯಬಹುದು. ಆದರೆ ಒಮ್ಮೆ ಸೇರಿದರೆ ಕೆಲಸದಲ್ಲಿ ಇರುವಷ್ಟು ದಿನ ಬಿಡುವಂತಿಲ್ಲ. ಅಂದರೆ ಈ ತೀರ್ಮಾನ ನಡೆಯುವುದು ಕೆಲಸದ ಮೊದಲ ದಿನ, ಹತ್ತಾರು ಕಾಗದಗಳಿಗೆ ಕಣ್ಣುಮುಚ್ಚಿ ಸಹಿ ಹಾಕುವಾಗ.

ಲೆಕ್ಕ ಹೀಗಿದೆ. ಕಂಪನಿ 15,000ದ ಮಿತಿಯಲ್ಲೇ ಕಟ್ಟಿದರೆ ನಮ್ಮ ಶೇ 12 ಅಂದರೆ 1,800, ಕಂಪನಿಯದ್ದೂ 1,800. 2014ರ ಸೆಪ್ಟೆಂಬರ್ ನಂತರ ಮೊದಲ ಬಾರಿ ಸೇರಿದ, 15,000 ಮೀರಿದ ವೇತನದವರಿಗೆ ಪಿಂಚಣಿ ಯೋಜನೆಯೇ ಇಲ್ಲ. ಎಲ್ಲ ಹಣವೂ ಪಿಎಫ್‌ಗೇ. 2024-25ಕ್ಕೆ ಬಡ್ಡಿ ಶೇ 8.25 ಇತ್ತು. ಅದೇ ದರ ನಿಂತರೆ ಹತ್ತು ವರ್ಷದಲ್ಲಿ ಕಟ್ಟಿದ 4.32 ಲಕ್ಷ ಸುಮಾರು ಆರೂವರೆ ಲಕ್ಷವಾಗುತ್ತದೆ. ಜೊತೆಗೆ ಕೆಲಸದಲ್ಲಿದ್ದಾಗ ತೀರಿಕೊಂಡರೆ ಮನೆಯವರಿಗೆ 7 ಲಕ್ಷದವರೆಗೆ ವಿಮೆ. ಶಿಕ್ಷಣ ಸಾಲದ ಬಡ್ಡಿ ಇದಕ್ಕಿಂತ ಹೆಚ್ಚಿದ್ದು, ಉಳಿದ ಹಣವನ್ನು ನಿಜವಾಗಿ ಸಾಲಕ್ಕೇ ಕಟ್ಟುವವರು ಬೇಡ ಎಂದರೆ ಒಪ್ಪುತ್ತೇನೆ. ಹಾಗೆ ಕಟ್ಟುವವರನ್ನು ನಾನಂತೂ ಇನ್ನೂ ನೋಡಿಲ್ಲ. ಹೊರಗುಳಿದರೆ ಕಂಪನಿಯ ಪಾಲು ಸಂಬಳಕ್ಕೆ ಸೇರುತ್ತದೋ ಇಲ್ಲವೋ ಎಂಬುದನ್ನೂ ಮೊದಲೇ ಕೇಳಬೇಕು.

ನನ್ನ ಮನಸ್ಸು ಬದಲಾಗಿದ್ದು ಈ ಲೆಕ್ಕದಿಂದಲ್ಲ, ಅಮ್ಮನ ಲೆಕ್ಕದಿಂದ. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಾನು ಒಂದನೇ ತರಗತಿಯಲ್ಲಿದ್ದಾಗಿನಿಂದ ಮೂರು ಕಾರ್ಖಾನೆಗಳಲ್ಲಿ ಒಟ್ಟು 14 ವರ್ಷ ದುಡಿದಿದ್ದಾಳೆ. ಮೊದಲನೆಯದನ್ನು ಐದು ವರ್ಷಕ್ಕೆ ಬಿಟ್ಟಾಗ ಪಿಎಫ್ ತೆಗೆದು ಮನೆಗೆ ಶೀಟು ಹಾಕಿಸಿದೆವು. ಎರಡನೆಯದು ನಾಲ್ಕು ವರ್ಷಕ್ಕೆ, ಕೋವಿಡ್ ಕಾಲದಲ್ಲಿ ಹೋಯಿತು. ಆ ಹಣ ನನ್ನ ಪಿಯುಸಿ ಫೀಸಾಯಿತು. ಎರಡೂ ಸಲ ಏಜೆಂಟರ ಮಾತು ಕೇಳಿ ಫಾರಂ 10ಸಿಯಲ್ಲಿ ಪಿಂಚಣಿ ಹಣವನ್ನೂ ಬಿಡಿಸಿಕೊಂಡಿದ್ದಳು. ಹಾಗೆ ಬಿಡಿಸಿಕೊಂಡರೆ ಆವರೆಗಿನ ಸೇವೆ ಅಳಿಸಿಹೋಗುತ್ತದೆ. ಅದೇ ಫಾರಂನಲ್ಲಿ ಹಣದ ಬದಲು ‘ಸ್ಕೀಮ್ ಸರ್ಟಿಫಿಕೇಟ್’ ಕೇಳಿದ್ದರೆ ಒಂಬತ್ತು ವರ್ಷವೂ ಉಳಿಯುತ್ತಿತ್ತು. ಪಿಂಚಣಿಗೆ ಬೇಕಾದದ್ದು ಹತ್ತು ವರ್ಷ. ಅಮ್ಮನ ಖಾತೆಯಲ್ಲಿ ಈಗ ಇರುವುದು ಐದು.

2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆಗೆ ಇಳಿದವರು ಇಂಥ ಹೆಣ್ಣುಮಕ್ಕಳೇ. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಎರಡು ದಿನ ಬೆಂಗಳೂರು ನಿಂತುಹೋಯಿತು, ನಿಯಮ ವಾಪಸಾಯಿತು. ಕೆಲಸ ಹೋದಾಗ ಕೈಗೆ ಸಿಗುವ ದೊಡ್ಡ ಮೊತ್ತ ಅದೊಂದೇ ಎಂಬುದು ದೆಹಲಿಗೆ ಆಗ ಗೊತ್ತಾಗಿರಬೇಕು. 2025ರ ಅಕ್ಟೋಬರ್‌ನಲ್ಲಿ ಇಪಿಎಫ್‌ಒ ಟ್ರಸ್ಟಿಗಳ ಮಂಡಳಿ ಮತ್ತೆ ಅದೇ ಪ್ರಶ್ನೆಗೆ ಕೈಹಾಕಿತು. ಖಾತೆಯಲ್ಲಿ ಶೇ 25 ಉಳಿಯಬೇಕು, ಕೆಲಸ ಬಿಟ್ಟವರು ಪೂರ್ತಿ ಪಿಎಫ್ ತೆಗೆಯಲು 2 ತಿಂಗಳ ಬದಲು 12 ತಿಂಗಳು, ಪಿಂಚಣಿ ಹಣಕ್ಕೆ 36 ತಿಂಗಳು ಕಾಯಬೇಕು ಎಂದು ತೀರ್ಮಾನಿಸಿತು. ಮೊದಲೆರಡು ಅಂಶಗಳ ಬಗ್ಗೆ ನನಗೆ ಸಿಟ್ಟಿದೆ, ಹಸಿವು 12 ತಿಂಗಳು ಕಾಯುವುದಿಲ್ಲ. ಮೂರನೆಯದು ಆಗಲೇ ಇದ್ದಿದ್ದರೆ ಅಮ್ಮನ ಒಂಬತ್ತು ವರ್ಷ ಉಳಿಯುತ್ತಿತ್ತೇನೋ ಎಂಬ ಅನುಮಾನವೂ ಇದೆ.

ಸೂತ್ರ ಸರಳ: ಪಿಂಚಣಿಗೆ ಲೆಕ್ಕ ಹಿಡಿಯುವ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. 12,000 ವೇತನಕ್ಕೆ ಹತ್ತು ವರ್ಷಕ್ಕೆ ತಿಂಗಳಿಗೆ 1,714 ರೂಪಾಯಿ. ಇದನ್ನು ಹೇಳಿದಾಗ ಅಮ್ಮ, ‘ಅಷ್ಟೇನಾ?’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಗ್ಯಾಸು, ಕರೆಂಟಿಗಾಯ್ತು ಬಿಡು’ ಎಂದಳು. ಈಗ ಮಂಡಿನೋವು ಜಾಸ್ತಿ. ಈ ವರ್ಷವೇ ಬಿಡಬೇಕು ಅಂದುಕೊಂಡಿದ್ದವಳು ಇನ್ನೈದು ವರ್ಷ ಹೊಲಿಯುತ್ತೇನೆ ಅನ್ನುತ್ತಿದ್ದಾಳೆ. ನಾನು ಫಾರಂ 11ರಲ್ಲಿ ‘ಬೇಕು’ ಎಂದೇ ಬರೆಯುತ್ತೇನೆ. ಅಮ್ಮನಿಗೆ ಮಾತ್ರ ಏನು ಹೇಳಬೇಕೆಂದು ತಿಳಿಯುತ್ತಿಲ್ಲ.